ಖಾಲಿ ಬಿಡಬೇಕಾದ ಕಾಲಂ

ಕೆಲವರಿಗೆ ಹಲ್ಲಿ ಕಂಡರೆ ಭಯ, ಕೆಲವರಿಗೆ ಕತ್ತಲೆ ಕಂಡರೆ ಭಯ. ನನ್ನ ಪರಿಚಯದವರೊಬ್ಬರು ಮೈಸೂರುಪಾಕು ಕಂಡರೆ ಹೆದರುತ್ತಾರೆ. ಅದಕ್ಕೆ ಅವರ ಡಾಕ್ಟರು ಕಾರಣ. ನನ್ನ ಭಯ ಇವುಗಳ ಜಾತಿಗೆ ಸೇರಿದ್ದಲ್ಲವಾದ್ದರಿಂದ ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ಅರ್ಜಿಯಲ್ಲಿ ಖಾಲಿ ಬಿಟ್ಟ ಕಾಲಂ ಕಂಡರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಕೈ ಪೆನ್ನು ಹುಡುಕುತ್ತದೆ. ಅರ್ಜಿ ನನ್ನದೇ ಆಗಿರಬೇಕೆಂದೇನೂ ಇಲ್ಲ. ಬಸ್ಸಿನಲ್ಲಿ ಪಕ್ಕದವರ ಕೈಯಲ್ಲಿದ್ದ ಬ್ಯಾಂಕಿನ ಚೀಟಿಯಲ್ಲಿ ತಾರೀಖು ಬರೆದಿಲ್ಲವೆಂದು ಗದಗಿನಿಂದ ಶಿರಹಟ್ಟಿಯವರೆಗೆ ಸಂಕಟಪಟ್ಟವನು ನಾನು.

ಇದು ರಕ್ತದಲ್ಲಿ ಬಂದದ್ದು ಎಂದು ನನ್ನ ನಂಬಿಕೆ. ನಮ್ಮದು ಬೆಟಗೇರಿಯ ನೇಕಾರರ ಮನೆ. ತಂದೆ ಕೈಮಗ್ಗದ ಮೇಲೆ ಸೀರೆ ನೇಯುತ್ತಿದ್ದರು. ಸಾವಿರಾರು ಎಳೆಗಳಲ್ಲಿ ಒಂದು ಹರಿದರೂ ಮಗ್ಗ ನಿಲ್ಲಿಸಿ, ಹರಿದ ತುದಿ ಹುಡುಕಿ, ಗಂಟು ಹಾಕಿಯೇ ಮುಂದೆ ಸಾಗುತ್ತಿದ್ದರು. ಹಾಗೆಯೇ ಬಿಟ್ಟರೆ ಸೀರೆಯ ಉದ್ದಕ್ಕೂ ಒಂದು ಗೆರೆ ಖಾಲಿ ಬಿದ್ದುಹೋಗುತ್ತಿತ್ತು, ಅಂಥ ಸೀರೆಯನ್ನು ಸಾಹುಕಾರರು ಮುಖದ ಮೇಲೆ ಎಸೆಯುತ್ತಿದ್ದರು. ನನಗೆ ಮಗ್ಗ ಒಲಿಯಲಿಲ್ಲ. ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದೆ. ಆದರೆ ಹರಿದ ಎಳೆ ಹುಡುಕುವ ಕಣ್ಣು ಮಾತ್ರ ಜೊತೆಗೇ ಬಂತು. ಯಾವ ಇಲಾಖೆ ಎಂದು ಹೇಳುವುದಿಲ್ಲ, ಯಾಕೆಂದರೆ ನನಗೆ ಪಿಂಚಣಿ ಇನ್ನೂ ಅದೇ ಇಲಾಖೆಯಿಂದ ಬರುತ್ತದೆ.

ಈ ಗುಣದಿಂದ ಮನೆಯಲ್ಲೂ ಅನಾಹುತಗಳಾಗಿವೆ. ನಮ್ಮ ಓಣಿಯ ಮಹಿಳಾ ಮಂಡಳದವರು ಒಮ್ಮೆ ಸದಸ್ಯತ್ವದ ಫಾರ್ಮು ಕೊಟ್ಟಿದ್ದರು. ನನ್ನ ಹೆಂಡತಿ ಎಲ್ಲ ತುಂಬಿ ‘ಹವ್ಯಾಸ’ ಎನ್ನುವ ಕಾಲಂ ಮಾತ್ರ ಬಿಟ್ಟು, ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋಗಿದ್ದಳು. ಹಾಲು ಉಕ್ಕುವುದರೊಳಗೆ ನಾನು ಅಲ್ಲಿ ‘ಗಾಯನ’ ಎಂದು ಬರೆದುಬಿಟ್ಟೆ. ಬೇರೆ ಏನಾದರೂ ಬರೆಯಬಹುದಿತ್ತು, ಆದರೆ ಆ ಕಾಲಂ ಚಿಕ್ಕದಾಗಿತ್ತು. ವಾರ್ಷಿಕೋತ್ಸವದ ದಿನ ಅವಳ ಹೆಸರು ಹಿಡಿದು ವೇದಿಕೆಗೆ ಕರೆದರು. ಅವಳು ಹಾಡಿದಳೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಮನೆಗೆ ಬಂದ ಮೇಲೆ ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ.

ಕಚೇರಿಯಲ್ಲಿ ಮಾತ್ರ ಇದೇ ಗುಣ ನನಗೆ ಹೆಸರು ತಂದಿತ್ತು. ನಾನು ನಮ್ಮ ಇಲಾಖೆಯ ಶಿರಹಟ್ಟಿ ತಾಲ್ಲೂಕು ಕಚೇರಿಯಲ್ಲಿದ್ದೆ. ನಾವೆಲ್ಲ ಧಾರವಾಡ ಜಿಲ್ಲೆಯಲ್ಲಿದ್ದಾಗ ನಮ್ಮ ಅರ್ಜಿಗಳು ಧಾರವಾಡಕ್ಕೆ ಹೋಗಿ, ಅಲ್ಲಿ ಒಂದು ಮಳೆಗಾಲ ಕಳೆದು, ಕಾಲಂ ಖಾಲಿ ಇದೆ ಎಂದು ತಿರುಗಿ ಬರುತ್ತಿದ್ದವು. ಗದಗ ಹೊಸ ಜಿಲ್ಲೆಯಾದ ಮೇಲೆ ವಾರದಲ್ಲೇ ತಿರುಗಿ ಬರತೊಡಗಿದವು. ಈ ಪ್ರಗತಿಯನ್ನು ಕಂಡು ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಖಾಲಿ ಕಾಲಂ ಇರುವ ಅರ್ಜಿಯನ್ನು ನನ್ನ ಟೇಬಲ್ಲಿನಿಂದಲೇ ತಿರುಗಿ ಕಳಿಸತೊಡಗಿದೆ. ಜನರಿಗೆ ಎಷ್ಟು ದಿನ ಉಳಿಯಿತು ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ. ಜನ ಅದನ್ನು ಹೀಗೆ ನೋಡಿದಂತೆ ಕಾಣಲಿಲ್ಲ.

ಹೀಗಿರುವಾಗ ಕಚೇರಿಗೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಒಂದು ಲೈನು ಬಂತು. ಅದು ಗದಗಿನ ಜಿಲ್ಲಾ ಕಚೇರಿಗೆ ಹೋಗುವ ಲೈನು. ಅದರಲ್ಲಿ ಜಿಲ್ಲಾ ಕಚೇರಿ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಕೆಲವು ತಿಂಗಳ ಮೇಲೆ, ಫೋಟೋಗಳನ್ನು ಮಾತ್ರ ಇಂಟರ್‌ನೆಟ್ಟಿನ ಮೇಲ್‌ನಲ್ಲಿ ಕಳಿಸಬೇಕೆಂದು ಆದೇಶ ಬಂದು, ಟೆಲಿಫೋನಿನವರಿಂದ ಇನ್ನೊಂದು ಲೈನು ಹಾಕಿಸಿದರು. ಪದ್ಧತಿ ಹೀಗಿತ್ತು: ಅರ್ಜಿಯನ್ನು ಜಿಲ್ಲಾ ಲೈನಿನಲ್ಲಿ ತೆರೆದಿಡಬೇಕು, ಫೋಟೋವನ್ನು ಇಂಟರ್‌ನೆಟ್ ಲೈನಿನಲ್ಲಿ ಕಳಿಸಬೇಕು, ಅಲ್ಲಿಂದ ಒಂದು ನಂಬರು ಬರುತ್ತದೆ, ಅದನ್ನು ಹತ್ತು ನಿಮಿಷದೊಳಗೆ ತೆರೆದಿಟ್ಟ ಅರ್ಜಿಯಲ್ಲಿ ತುಂಬಬೇಕು. ತಡವಾದರೆ ಅರ್ಜಿ ತಾನೇ ಮುಚ್ಚಿಕೊಳ್ಳುತ್ತಿತ್ತು. ಒಂದು ವಾಯರ್ ಕಿತ್ತು ಇನ್ನೊಂದು ಚುಚ್ಚಿ ಮತ್ತೆ ಚಾಲೂ ಮಾಡುವುದಕ್ಕೆ ನಮ್ಮ ಕಂಪ್ಯೂಟರಿಗೆ ಹನ್ನೆರಡು ನಿಮಿಷ ಬೇಕಾಗುತ್ತಿತ್ತು. ಆದ್ದರಿಂದ ಎರಡೂ ಲೈನು ಒಂದೇ ಕಂಪ್ಯೂಟರಿನಲ್ಲಿ ಒಟ್ಟಿಗೆ ನಡೆಯಬೇಕು ಎಂದು ನಮ್ಮ ಸಾಹೇಬರು ಅಪ್ಪಣೆ ಮಾಡಿದರು. ಕಂಪ್ಯೂಟರಿನ ಮೇಲೆ ಹೊದಿಸುವ ಬಟ್ಟೆಯನ್ನು ದಿನಾ ಮಡಿಸಿಡುತ್ತಿದ್ದವನು ನಾನೊಬ್ಬನೇ ಆದ್ದರಿಂದ ಅದರ ಜವಾಬ್ದಾರಿ ನನಗೆ ಬಂತು.

ಗದಗಿನಿಂದ ಮಂಜುನಾಥ ಎನ್ನುವ ಹುಡುಗ ಬಂದ. ಹುಡುಗ ಎಂದರೆ ಮದುವೆಯಾಗಿ ಎರಡು ಮಕ್ಕಳಿದ್ದವನು, ಆದರೆ ನನಗೆ ಆಗ ವಾಯರ್ ಹಿಡಿದವರೆಲ್ಲ ಹುಡುಗರಾಗಿಯೇ ಕಾಣುತ್ತಿದ್ದರು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಎರಡನೇ ಲೈನಿಗೆ ಒಂದು ಹಸಿರು ಹಲಗೆ ಕೂಡಿಸಿದ. ಪ್ರತಿಯೊಂದು ಲೈನಿಗೂ ನಂಬರು ತುಂಬುವ ಒಂದು ಫಾರ್ಮು ಪರದೆಯ ಮೇಲೆ ಬಂತು. ಫಾರ್ಮು ಎಂದ ಕೂಡಲೆ ನಾನು ಕುರ್ಚಿ ಮುಂದೆಳೆದು ಕೂತೆ. ಅದರಲ್ಲಿ ‘ಗೇಟ್‌ವೇ’ ಎಂದು ಒಂದು ಕಾಲಂ ಇತ್ತು. ಕಂಪ್ಯೂಟರಿನ ಮಾತು ಹೊರಗೆ ಹೋಗುವ ಬಾಗಿಲು ಎಂದು ಅದರ ಅರ್ಥವಂತೆ. ಇಂಟರ್‌ನೆಟ್ಟಿನ ಲೈನಿಗೆ ಮಂಜುನಾಥ ಆ ಕಾಲಂ ತುಂಬಿದ. ಜಿಲ್ಲಾ ಲೈನಿಗೆ ಹಾಗೆಯೇ ಬಿಟ್ಟ. ಆಮೇಲೆ ಒಂದು ಕಪ್ಪು ಪರದೆ ತೆರೆದು ಒಂದೇ ಸಾಲು ಟೈಪು ಮಾಡಿ, ಗದಗಿಗೆ ಹೋಗುವುದಕ್ಕೆ ದಾರಿ ಇಲ್ಲಿ ಹೇಳಿದ್ದೇನೆ, ಉಳಿದದ್ದೆಲ್ಲ ಇಂಟರ್‌ನೆಟ್ಟಿನ ಬಾಗಿಲಿನಿಂದ ಹೋಗುತ್ತದೆ, ಎರಡು ಬಾಗಿಲು ಬರೆದರೆ ಇದಕ್ಕೆ ಯಾವುದರಲ್ಲಿ ಹೋಗಬೇಕೋ ತಿಳಿಯುವುದಿಲ್ಲ ಎಂದ. ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಆದರೆ ನನ್ನ ಕಣ್ಣು ಆ ಖಾಲಿ ಕಾಲಂ ಬಿಟ್ಟು ಬೇರೆಲ್ಲೂ ಹೋಗಲಿಲ್ಲ.

ಎರಡೂ ಲೈನು ನಡೆದವು. ಸಾಹೇಬರು ಚಹಾ ತರಿಸಿದರು. ಮಂಜುನಾಥ ನಾಲ್ಕರ ಬಸ್ಸಿಗೆ ಹೋದ. ನಾನು ನಾಲ್ಕೂ ಕಾಲಿಗೆ ಆ ಫಾರ್ಮನ್ನು ಮತ್ತೆ ತೆರೆದೆ. ಸುಮ್ಮನೆ ನೋಡಲು ತೆರೆದದ್ದು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಎಷ್ಟಾದರೂ ಹುಡುಗ, ಬಸ್ಸಿನ ಗಡಿಬಿಡಿಯಲ್ಲಿ ಮರೆತಿರಬೇಕು ಎನಿಸಿತು. ಇನ್ನೊಂದು ಲೈನಿನ ಫಾರ್ಮಿನಲ್ಲಿದ್ದ ಗೇಟ್‌ವೇ ನಂಬರನ್ನೇ ನೋಡಿ ಇಲ್ಲಿಯೂ ಬರೆದೆ. ನಮ್ಮ ಅರ್ಜಿಗಳಲ್ಲಿ ಖಾಯಂ ವಿಳಾಸದ ಕೆಳಗೆ ‘ಮೇಲಿನಂತೆ’ ಎಂದು ಬರೆಯುವುದಿಲ್ಲವೇ, ಹಾಗೆ. ಕಂಪ್ಯೂಟರು ಇಂಗ್ಲಿಷಿನಲ್ಲಿ ಉದ್ದವಾಗಿ ಏನೋ ಕೇಳಿತು. ಅದು ಕೇಳಿದ್ದಕ್ಕೆಲ್ಲ ಆಗ ನಾನು ಹೌದು ಎನ್ನುತ್ತಿದ್ದೆ. ಫಾರ್ಮು ಪೂರ್ತಿಯಾಯಿತು. ಅಂದು ಮನೆಗೆ ಹೋಗಿ ಚೆನ್ನಾಗಿ ಊಟ ಮಾಡಿದೆ.

ಮರುದಿನ ಇಂಟರ್‌ನೆಟ್ ಒಮ್ಮೆ ಬಂದರೆ ಮೂರು ಸಲ ಇಲ್ಲ. ಮಂಜುನಾಥ ಮತ್ತೆ ಬಂದ. ನೋಡಿದವನೇ ಯಾರೋ ಇಲ್ಲಿ ಏನೋ ಬರೆದಿದ್ದಾರೆ ಎಂದ. ನಾನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ ನಮ್ಮ ಜವಾನ ಫಕೀರಪ್ಪನ ಕಡೆ ಒಮ್ಮೆ ನೋಡಿದೆ. ಸಾಹೇಬರೂ ಆ ಕಡೆ ನೋಡಿದರು. ಕಂಪ್ಯೂಟರ್ ಒರೆಸುವಾಗ ಗುಂಡಿ ಒತ್ತಬಾರದು ಎಂದು ಅವನಿಗೆ ಬೈಗುಳವಾಯಿತು. ನನಗೆ ನಾಚಿಕೆಯಾಯಿತು, ಆದರೆ ಬಾಯಿ ಬಿಡುವಷ್ಟು ಆಗಲಿಲ್ಲ. ಮಂಜುನಾಥ ಆ ಕಾಲಂ ಅಳಿಸಿ, ಖಾಲಿ ಇರಲಿ ಎಂದು ಎರಡು ಸಲ ಹೇಳಿ ಹೋದ.

ಇಷ್ಟು ಹೇಳಿದ ಮೇಲೆ ಯಾರಾದರೂ ಸುಮ್ಮನಿರುತ್ತಿದ್ದರು. ನಾನೂ ಐದು ದಿನ ಇದ್ದೆ. ಆರನೇ ದಿನ ಅನಿಸಿತು, ಬಾಗಿಲು ಇಲ್ಲ ಎನ್ನುವುದಾದರೆ ಇಲ್ಲ ಎಂದಾದರೂ ಬರೆದಿರಬೇಕಲ್ಲ. ಸೊನ್ನೆ ತುಂಬಲು ಹೋದೆ. ಕಂಪ್ಯೂಟರು ಸೊನ್ನೆ ನಡೆಯುವುದಿಲ್ಲ, ಒಂದರಿಂದ ಶುರು ಮಾಡು ಎಂದಿತು. ಅದೇ ಹೇಳಿದ ಮೇಲೆ ನನ್ನದೇನು, ಎಲ್ಲಾ ಕಡೆ ಒಂದು ಎಂದು ಬರೆದೆ.

ಈಗ ಹುಸೇನಬಿಯ ವಿಷಯಕ್ಕೆ ಬರಬೇಕು. ನನ್ನ ಈ ಕಾಲಂ ಕಥೆಯಲ್ಲಿ ನಿಜವಾಗಿ ಕಳೆದುಕೊಳ್ಳುವುದಿದ್ದದ್ದು ಆಕೆಗೆ ಮಾತ್ರ. ಹುಸೇನಬಿ ಲಕ್ಷ್ಮೇಶ್ವರದ ಹತ್ತಿರದ ಅಡರಕಟ್ಟಿಯವಳು, ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿದು ಬದುಕುವವಳು. ಐವತ್ತರ ಮೇಲಾಗಿತ್ತು. ಕರಕುಶಲದವರಿಗೆ ಸರಕಾರದ ಗುರುತಿನ ಚೀಟಿ ಸಿಕ್ಕರೆ ಅದರ ಮೇಲೆ ಹೊಲಿಗೆ ಯಂತ್ರ ಸಿಗುತ್ತಿತ್ತು. ಆ ಯಂತ್ರ ಅವಳಿಗೆ ಯಾಕೆ ಬೇಕು ಎಂದು ನಾನು ಅಭ್ಯಾಸದಂತೆ ಕೇಳಿದ್ದೆ. ಅವಳ ಕಣ್ಣು ಮಂಜಾಗಿತ್ತು. ಕೈಸೂಜಿಗಾದರೆ ಮೊಳಕ್ಕೊಮ್ಮೆ ದಾರ ಹಾಕಬೇಕು, ಪ್ರತಿ ಸಲವೂ ಪಕ್ಕದ ಮನೆಯವರನ್ನು ಕರೆಯಬೇಕು. ಯಂತ್ರಕ್ಕಾದರೆ ಬೆಳಗ್ಗೆ ಯಾರಾದರೂ ಒಮ್ಮೆ ಹಾಕಿಕೊಟ್ಟರೆ ಬಹಳ ಹೊತ್ತು ಓಡುತ್ತದೆ ಎಂದಳು. ಅವರೂ ಎಷ್ಟಂತ ಬರುತ್ತಾರೆ, ಅವರಿಗೂ ಬೇಸರ ಬಂದಿದೆ ಎಂದೂ ಹೇಳಿದಳು. ಅರ್ಜಿ ಗದಗಿಗೆ ಸೇರಲು ಕೊನೆಯ ದಿನ ನಾನು ಒಂದುಗಳನ್ನು ಬರೆದ ಮರುದಿನ, ಶನಿವಾರ, ಸಂಜೆ ಐದು ಗಂಟೆ.

ಅವಳ ಅರ್ಜಿಯಲ್ಲಿ ಎಲ್ಲ ಸರಿಯಾಗಿತ್ತು, ‘ಗಂಡನ ಹೆಸರು’ ಎನ್ನುವ ಕಾಲಂ ಮಾತ್ರ ಖಾಲಿ. ನಾನು ಎರಡು ಸಲ ತಿರುಗಿ ಕಳಿಸಿದ್ದೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಅದನ್ನು ಅರಿತವನಾದ್ದರಿಂದ, ಫಕೀರಪ್ಪನ ಕಿವಿಯಲ್ಲಿ ಹೇಳಿದರೂ ಸಾಕು ಎಂದು ರಿಯಾಯಿತಿ ತೋರಿಸಿದ್ದೆ. ಊರಲ್ಲಿ ಯಾರನ್ನಾದರೂ ಕೇಳಿ ಬರೆಸಿಕೊಂಡು ಬಾ ಎಂದಿದ್ದೆ. ಆಕೆ ಎರಡೂ ಸಲ ಅರ್ಜಿ ಮಡಿಸಿ ಚೀಲದಲ್ಲಿ ಇಟ್ಟುಕೊಂಡು ಹೋಗಿ, ಮತ್ತೆ ಖಾಲಿಯಾಗಿಯೇ ತಂದಿದ್ದಳು. ಆ ಶನಿವಾರ ಮೂರನೇ ಸಲ ಬಂದಳು. ಆಗ ಮಧ್ಯಾಹ್ನ ಮೂರು ಗಂಟೆ. ನಾನು ಅರ್ಜಿ ನೋಡಿ, ದೊಡ್ಡ ಮನಸ್ಸು ಮಾಡಿ, ಮದುವೆಮನೆಯಲ್ಲಿ ಹೆಣ್ಣುಮಕ್ಕಳು ಪದ್ಯದೊಳಗೆ ಸೇರಿಸಿ ಗಂಡನ ಹೆಸರು ಹೇಳುತ್ತಾರಲ್ಲ, ಹಾಗೆ ಒಂದು ಒಡಪು ಕಟ್ಟಿ ಹೇಳಿದರೂ ನಾನು ಹೆಸರಷ್ಟು ಬರೆದುಕೊಳ್ಳುತ್ತೇನೆ ಎಂದೆ.

“ಹೇಳಾಕ ನಾಚಿಕಿ ಏನಿಲ್ರಿ ಅಣ್ಣಾರ,” ಎಂದಳು ಹುಸೇನಬಿ. “ಹದಿನೆಂಟು ವರ್ಷ ಆತು, ಗೋವಾಕ್ಕ ದುಡಿಯಾಕ ಹೊಕ್ಕೀನಿ ಅಂತ ಹೋದಾಂವ ಇದ್ದಾನೋ ಇಲ್ಲೋ ಒಂದು ಖಬರ ಇಲ್ಲ. ಕೌದಿ ಹೊಲದಾಕಿ ನಾನು. ಇದ್ರಾಗ ಅಂವಗ ಜಾಗಾ ಕೊಡಾಕ ನಂಗ ಮನಸಿಲ್ಲ.”

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕಾಲಂ ಬಿಟ್ಟವರು ನನಗೆ ಬಹಳ ಕಾರಣ ಹೇಳಿದ್ದರು. ಮರೆತೆ, ತಿಳಿಯಲಿಲ್ಲ, ಪೆನ್ನು ನಿಂತಿತು, ಕನ್ನಡಕ ಮನೆಯಲ್ಲಿತ್ತು. ಬೇಕೆಂದೇ ಬಿಟ್ಟಿದ್ದೇನೆ ಎಂದವರು ಯಾರೂ ಇರಲಿಲ್ಲ. ಹಾಗಾದರೆ ‘ಅನ್ವಯಿಸುವುದಿಲ್ಲ’ ಎಂದು ಬರೆಯೋಣವೇ ಎಂದು ನೋಡಿದರೆ, ಮೇಲಿನ ಕಾಲಂನಲ್ಲಿ ‘ವಿವಾಹಿತೆ’ ಎಂದಿತ್ತು. ಮೇಲೆ ವಿವಾಹಿತೆ, ಕೆಳಗೆ ಗಂಡ ಅನ್ವಯಿಸುವುದಿಲ್ಲ ಎಂದರೆ ತಪಾಸಣೆಗೆ ಬಂದವರು ನನ್ನನ್ನು ಕೇಳುತ್ತಾರೆ. ‘ದಿವಂಗತ’ ಎನ್ನಲು ಮರಣದ ದಾಖಲೆ ಬೇಕು. ಇದು ನಿಯಮ, ನನ್ನ ಕೈಯಲ್ಲಿ ಏನೂ ಇಲ್ಲ ಎಂದೆ. ಆಕೆ ಗೋಡೆಯ ಹತ್ತಿರದ ಬೆಂಚಿನ ಮೇಲೆ ಹೋಗಿ ಕೂತಳು. ಐದಕ್ಕೆ ಎಷ್ಟು ಹೊತ್ತಿದೆ ಎಂದು ಫಕೀರಪ್ಪನನ್ನು ಕೇಳಿದಳು.

ಅವಳ ಕಣ್ಣೆದುರು ಸುಮ್ಮನೆ ಕೂರಲಾರದೆ, ಬಾಕಿ ಇದ್ದ ಬೇರೆ ಅರ್ಜಿಗಳನ್ನಾದರೂ ಕಳಿಸೋಣವೆಂದು ಕಂಪ್ಯೂಟರಿನ ಮುಂದೆ ಕೂತೆ. ಜಿಲ್ಲಾ ಲೈನು ಬಂತು, ಇಂಟರ್‌ನೆಟ್ ಇಲ್ಲ. ಬಂದ್ ಮಾಡಿ ಚಾಲೂ ಮಾಡಿದೆ. ಇಂಟರ್‌ನೆಟ್ ಬಂತು, ಎರಡು ನಿಮಿಷದಲ್ಲಿ ಹೋಯಿತು. ಸಾಹೇಬರು ಒಳಗಿನಿಂದ ಎರಡು ಸಲ ಬಂದು ನೋಡಿ ಹೋದರು. ನಾಲ್ಕು ಹೊಡೆಯಿತು. ಆಗ ಕಚೇರಿಯ ಫೋನಿನಿಂದ ಮಂಜುನಾಥನಿಗೆ ಹಚ್ಚಿದೆ. ಅವನು ಮುಂಡರಗಿಯಲ್ಲಿ ಯಾವುದೋ ಕೆಲಸದ ಮೇಲಿದ್ದ. ನಮ್ಮ ಫೋನಿಗೆ ಒಂದು ರೋಗವಿತ್ತು: ಆ ಕಡೆಯವರು ಮಾತಾಡಿದ್ದು ಕಿವಿಗೆ ಹಿಡಿದವನಿಗಿಂತ ಕೋಣೆಯಲ್ಲಿದ್ದವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಆ ಗೇಟ್‌ವೇ ಡಬ್ಬಿಯಲ್ಲಿ ಏನಿದೆ ನೋಡಿ ಎಂದ ಮಂಜುನಾಥ. ನೋಡುವುದೇನಿತ್ತು, ಒಂದು, ಒಂದು, ಒಂದು, ಒಂದು ಎಂದೆ. ಯಾರು ಬರೆದರು ಎಂದು ಕೇಳಿದ. ಈ ಸಲ ನನಗೆ ಫಕೀರಪ್ಪನ ಕಡೆ ನೋಡಲು ಆಗಲಿಲ್ಲ, ಯಾಕೆಂದರೆ ಅವನೇ ನನ್ನ ಕಡೆ ನೋಡುತ್ತಿದ್ದ. ನಾನೇ ಬರೆದದ್ದು, ಹಿಂದಿನ ಸಲವೂ ನಾನೇ, ಖಾಲಿ ಇತ್ತಲ್ಲ ಎಂದು ಬರೆದೆ ಎಂದೆ.

“ಸಾಹೇಬ್ರ, ಅದು ಮರ್ತು ಬಿಟ್ಟಿದ್ದಲ್ರಿ,” ಎಂದಿತು ಫೋನು, ಇಡೀ ಕೋಣೆಗೆ ಕೇಳುವಂತೆ. “ತಿಳದ ಖಾಲಿ ಬಿಟ್ಟೀನಿ. ಖಾಲಿ ಇರೂದ ಅದಕ್ಕ ಉತ್ತರ. ನೀವು ಅದ್ರಾಗ ಏನರ ತುಂಬಿದ್ರ ಅದು ಇಲ್ಲದ ಬಾಗಲಾ ಹುಡಕ್ಕೊಂತ ಕುಂಡರತೈತಿ.”

ನಾನು ಫೋನು ಕೆಳಗಿಟ್ಟೆ. ಹುಸೇನಬಿ ಬೆಂಚಿನ ಮೇಲಿಂದ ಎಲ್ಲವನ್ನೂ ಕೇಳಿದ್ದಳು. ಅವಳು ಏನಾದರೂ ಅಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ನಿಯಮದ ಬಗ್ಗೆ ಮತ್ತೊಮ್ಮೆ ಹೇಳಬಹುದಿತ್ತು. ನಾನು ಫಕೀರಪ್ಪನಿಗೆ, ಅವತ್ತು ನಿನ್ನ ಮೇಲೆ ಬಂದ ಮಾತು ನನ್ನದು, ತಪ್ಪಾಯಿತು ಎಂದೆ. ತನಗೆ ಆಗಲೇ ಗೊತ್ತಿತ್ತು, ಖಾಲಿ ಜಾಗ ಕಂಡರೆ ನಿಮಗೆ ಏನಾಗುತ್ತದೆ ಎಂದು ಈ ಕಚೇರಿಯ ಕುರ್ಚಿಗಳಿಗೂ ಗೊತ್ತು ಎಂದು ಅವನು ಹೇಳಿ, ಸ್ಟೂಲನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡು ಕೂತ. ಇನ್ನೊಮ್ಮೆ ತುಂಬದಂತೆ ಕಾಯಲು ಕೂತದ್ದು ಎಂದು ನನಗೆ ತಡವಾಗಿ ಹೊಳೆಯಿತು.

ನಾಲ್ಕು ಒಂದುಗಳನ್ನು ಅಳಿಸಿದೆ. ಸುಲಭದ ಕೆಲಸವೆಂದು ತಿಳಿಯಬೇಡಿ, ಕೊನೆಯ ಒಂದನ್ನು ಅಳಿಸುವಾಗ ಬೆರಳು ಒಂದು ಕ್ಷಣ ನಿಂತಿತು. ಎರಡೂ ಲೈನು ಬಂದವು. ಬಾಕಿ ಅರ್ಜಿಗಳು ಒಂದರ ಹಿಂದೆ ಒಂದು ಹೋದವು. ನಾಲ್ಕೂ ಮುಕ್ಕಾಲಿಗೆ ಕೈಯಲ್ಲಿ ಉಳಿದದ್ದು ಒಂದೇ, ಹುಸೇನಬಿಯದು. ಅದನ್ನು ತೆರೆದೆ. ಹೆಸರು, ಊರು, ವಯಸ್ಸು, ಕಸುಬು, ವಿವಾಹಿತೆ. ಗಂಡನ ಹೆಸರು ಎನ್ನುವಲ್ಲಿ ಗೆರೆ ಮಿಣುಕುತ್ತಾ ನಿಂತಿತು. ನನಗೆ ನನ್ನ ಮೇಲೆ ಸಿಟ್ಟು ಬಂದಿತ್ತು, ಇಷ್ಟು ಸಲೀಸಾಗಿ ಖಾಲಿ ಬಿಡಬಲ್ಲ ಅವಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಏನೂ ಬರೆಯದೆ ಮುಂದಿನ ಕಾಲಂಗೆ ಹೋಗುವ ಗುಂಡಿ ಒತ್ತಿ, ಕಣ್ಣು ಮುಚ್ಚಿದೆ.

ಕಂಪ್ಯೂಟರು ಏನೂ ಕೇಳಲಿಲ್ಲ. ಮುಂದಿನ ಕಾಲಂ ತೆರೆಯಿತು. ಫೋಟೋ ಹೋಯಿತು, ನಂಬರು ಬಂತು, ನಂಬರು ತುಂಬಿದೆ, ಅರ್ಜಿ ಸ್ವೀಕರಿಸಲಾಗಿದೆ ಎಂದು ಗದಗಿನಿಂದ ಉತ್ತರ ಬಂತು. ಕಡ್ಡಾಯವಾದ ಕಾಲಂಗಳಿಗೆ ಕೆಂಪು ಚುಕ್ಕೆ ಇರುತ್ತದೆ, ಇದಕ್ಕೆ ಇರಲೇ ಇಲ್ಲ. ಅದನ್ನು ನಾನು ಅಂದು ಮೊದಲ ಸಲ ನೋಡಿದೆ. ಆಮೇಲೆ ಸೋಮವಾರ ಬೀರು ತೆಗೆದು, ಯಾವ ಕಾಲಂ ಖಾಲಿ ಬಿಟ್ಟರೂ ಅರ್ಜಿ ತಿರುಗಿ ಕಳಿಸಬೇಕೆಂಬ ಆದೇಶವನ್ನು ಹುಡುಕಿದೆ. ಧಾರವಾಡದ ಕಾಲದ ಕಡತಗಳವರೆಗೆ ಹೋದೆ. ಅಂಥ ಆದೇಶ ಎಲ್ಲೂ ಇರಲಿಲ್ಲ. ಇದ್ದದ್ದು ನಾನೊಬ್ಬನೇ.

ಸ್ವೀಕೃತಿಯ ಕಾಗದವನ್ನು ಮುದ್ರಿಸಿ ಹುಸೇನಬಿಗೆ ಕೊಟ್ಟಾಗ ಐದಕ್ಕೆ ಇನ್ನೂ ಆರು ನಿಮಿಷವಿತ್ತು. ಆ ಜಾಗ ಎಲ್ಲಿದೆ ತೋರಿಸು ಎಂದು ಫಕೀರಪ್ಪನನ್ನು ಕೇಳಿದಳು. ಅವನು ತೋರಿಸಿದ. ಕಣ್ಣಿನ ಹತ್ತಿರ ಹಿಡಿದು ನೋಡಿ, “ಛಲೋ ಆತ್ರಿ,” ಎಂದು ನನಗೆ ಹೇಳಿ, ಲಕ್ಷ್ಮೇಶ್ವರದ ಬಸ್ಸು ತಪ್ಪೀತೆಂದು ಜಲ್ದಿ ಜಲ್ದಿ ಹೋದಳು. ಮುಂದೆ ಚೀಟಿ ಬಂತು, ಯಂತ್ರವೂ ಅಡರಕಟ್ಟಿಗೆ ಹೋಯಿತು ಎಂದು ಫಕೀರಪ್ಪನಿಂದ ತಿಳಿಯಿತು. ನನಗೆ ಬಹಳ ಸಂತೋಷವಾಯಿತು. ಆ ಸಂತೋಷದಲ್ಲಿ ನನ್ನ ಪಾಲು ಎಷ್ಟು ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಹದಿನೈದು ದಿನದ ಮೇಲೆ ಗದಗಿನಿಂದ ಒಂದು ಫಾರ್ಮು ಬಂತು. ಒಂದೇ ಕಂಪ್ಯೂಟರಿನಲ್ಲಿ ಎರಡು ಲೈನು ನಡೆಸಿದವನು ಶಿರಹಟ್ಟಿಯಲ್ಲಿದ್ದಾನೆ ಎಂದು ನಮ್ಮ ಸಾಹೇಬರು ಮೀಟಿಂಗಿನಲ್ಲಿ ಹೇಳಿಬಂದಿದ್ದರು. ಕಂಪ್ಯೂಟರ್ ಬಲ್ಲ ನೌಕರರ ಪಟ್ಟಿಗೆ ನನ್ನ ವಿವರ ಬೇಕಾಗಿತ್ತು. ಎಲ್ಲ ತುಂಬಿದೆ. ‘ಗಣಕಯಂತ್ರ ಜ್ಞಾನದ ಮಟ್ಟ’ ಎನ್ನುವ ಕಾಲಂ ಬಂತು. ಬಹಳ ಹೊತ್ತು ಯೋಚಿಸಿದೆ. ಕೂಡಿಸಿದವನು ಮಂಜುನಾಥ, ಎರಡು ಸಲ ಕೆಡಿಸಿದವನು ನಾನು, ನಾನು ಮಾಡಿದ ಒಳ್ಳೆಯ ಕೆಲಸವೆಂದರೆ ನಾನೇ ಬರೆದದ್ದನ್ನು ಅಳಿಸಿದ್ದು. ಜೀವನದಲ್ಲಿ ಮೊದಲ ಸಲ, ತಿಳಿದೂ ತಿಳಿದೂ, ನನ್ನದೇ ಫಾರ್ಮಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟು ಸಹಿ ಮಾಡಿ ಕಳಿಸಿದೆ. ಅಂದು ಬಸ್ಸಿನಲ್ಲಿ ನನಗೆ ಸೀಟು ಸಿಗದಿದ್ದರೂ ನೆಟ್ಟಗೆ ನಿಂತಿದ್ದೆ.

ನಾಲ್ಕೇ ದಿನದಲ್ಲಿ ಫಾರ್ಮು ತಿರುಗಿ ಬಂತು. ಕಾಲಂ ಖಾಲಿ ಇದೆ, ಭರ್ತಿ ಮಾಡಿ ಮರಳಿ ಸಲ್ಲಿಸುವುದು ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಟಪಾಲು ತಂದ ಫಕೀರಪ್ಪ ಅದನ್ನು ಓದಿಯೇ ನನ್ನ ಟೇಬಲ್ಲಿನ ಮೇಲಿಟ್ಟ.

“ಹಂಗ ಖಾಲಿ ಬಿಟ್ಟು ಇನ್ನೊಮ್ಮೆ ಕಳಸ್ರಿ,” ಎಂದ. “ಆಕಿ ಮೂರು ಸಲ ಬಂದಿದ್ಲು.”

ಹೌದು, ಆಕೆ ಮೂರು ಸಲ ಎರಡೆರಡು ಬಸ್ಸು ಹತ್ತಿ ಬಂದಿದ್ದಳು. ನಾನು ಕುರ್ಚಿಯಿಂದ ಏಳಬೇಕಾಗಿಯೂ ಇರಲಿಲ್ಲ. ಆದರೆ ಕೆಂಪು ಶಾಯಿ ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಆ ಕಾಲಂನಲ್ಲಿ ‘ಉತ್ತಮ’ ಎಂದು ಬರೆದು, ಅದೇ ದಿನದ ಟಪಾಲಿಗೆ ಕೊಟ್ಟೆ. ಅಂದಿನಿಂದ ನಿವೃತ್ತನಾಗುವವರೆಗೆ ಮುಂಡರಗಿಯಿಂದ ಹಿಡಿದು ಲಕ್ಷ್ಮೇಶ್ವರದವರೆಗೆ ಎಲ್ಲಿ ಎರಡು ಲೈನು ಕೂಡಿಸಬೇಕಾದರೂ ನನಗೇ ಆದೇಶ ಬರುತ್ತಿತ್ತು. ನಾನು ಮಂಜುನಾಥನನ್ನು ಕರೆದುಕೊಂಡು ಹೋಗುತ್ತಿದ್ದೆ. ಅವನು ಕೆಲಸ ಶುರು ಮಾಡುವ ಮೊದಲು ನನ್ನನ್ನು ಚಹಾ ಕುಡಿದು ಬನ್ನಿ ಎಂದು ಹೊರಗೆ ಕಳಿಸಿ, ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಿದ್ದ.